ಕಾರಿಗೆ ದೊಡ್ಡ ಸಬ್‌ವೂಫರ್ ತಂದಾಯಿತು, ಆಂಪ್ ಯಾವುದು ಹಾಕಬೇಕು?

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಕಾರಿನ ಸೌಂಡಿನ ಮೇಲೆ ಆಸೆ ಇಟ್ಟುಕೊಂಡವರು ತುಂಬಾ ಜನ. ಶುರುವಿಗೆ ಸೀಟಿನ ಅಡಿಯ ಚಪ್ಪಟೆ ವೂಫರ್ ಹಾಕಿರುತ್ತಾರೆ. ಸ್ವಲ್ಪ ಸಮಯ ಕಳೆದ ಮೇಲೆ ಅದು ಸಾಲದು ಅನಿಸುತ್ತದೆ. ಗಲ್ಫಿನಿಂದ ರಜೆಗೆ ಬರುವ ಅಣ್ಣನ ಹತ್ತಿರ 12 ಇಂಚಿನ ಸಬ್ (ಬೇಸ್ ನುಡಿಸುವ ಸ್ಪೀಕರ್, ಅಂದರೆ ಸಬ್‌ವೂಫರ್) ತರಿಸುತ್ತಾರೆ, ಇಲ್ಲವೇ ಮಂಗಳೂರಿಗೆ ಹೋದಾಗ ಕೊಂಡು ತರುತ್ತಾರೆ. ಮನೆಯಲ್ಲಿದ್ದ ಹಳೆಯ ಆಂಪಿಗೆ, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರಿಗೆ, ಅದನ್ನು ಜೋಡಿಸಿದರೆ ಬೇಸ್ ಮೊದಲಿಗಿಂತಲೂ ಕಡಿಮೆ! ಅಥವಾ ನಾಲ್ಕು ಹಾಡು ಮುಗಿಯುವಾಗ ಆಂಪ್ ಮುಟ್ಟಲಾಗದಷ್ಟು ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಅಂಗಡಿಯಲ್ಲಿ ಕೇಳಿದರೆ, "ಅಣ್ಣಾ, ಈ 3000 ವ್ಯಾಟಿಂದು ತಗೊಳ್ಳಿ, ಬೇರೆ ಎಂತದೂ ನೋಡೋದು ಬೇಡ" ಅನ್ನುತ್ತಾರೆ.

ಆ ಬೇರೆಯದ್ದನ್ನೇ ನೋಡಬೇಕು. ಮೊದಲು ಸಬ್‌ನ ಓಮ್ಸ್ (ಅದು ಕರೆಂಟಿಗೆ ಒಡ್ಡುವ ತಡೆ), ಆಮೇಲೆ ಅದರ ಆರ್‌ಎಂಎಸ್ ವ್ಯಾಟ್, ಕೊನೆಗೆ ನಿಮ್ಮ ಕಾರು ಎಷ್ಟು ಕರೆಂಟ್ ಕೊಡಬಲ್ಲದು ಎನ್ನುವುದು. ಈ ಕ್ರಮದಲ್ಲಿ ಹೋದರೆ ಅಂಗಡಿಯ ಕಪಾಟಿನಲ್ಲಿರುವ ಹತ್ತು ಆಂಪುಗಳಲ್ಲಿ ಎಂಟು ತಾವಾಗಿಯೇ ಹೊರಗೆ ಹೋಗುತ್ತವೆ. ಬಾಕ್ಸಿನ ಮೇಲೆ ದೊಡ್ಡದಾಗಿ ಅಚ್ಚಾದ ವ್ಯಾಟಿನಿಂದ ಶುರು ಮಾಡಿದರೆ ದುಡ್ಡು ಎರಡು ಸಲ ಖರ್ಚಾಗುತ್ತದೆ.

ಸಬ್‌ನ ಹಾಳೆಯನ್ನು ಓದಿ

ಪ್ರತಿ ಸಬ್‌ಗೂ ಎರಡು ವ್ಯಾಟ್ ಇರುತ್ತದೆ. ಒಂದು ಮ್ಯಾಕ್ಸ್ ಅಥವಾ ಪೀಕ್. ಅದು ಒಂದು ಕ್ಷಣಕ್ಕೆ ತಡೆದುಕೊಳ್ಳುವ ಲೆಕ್ಕ. ಇನ್ನೊಂದು ಆರ್‌ಎಂಎಸ್ ಅಥವಾ ನಾಮಿನಲ್. ಅದು ಗಂಟೆಗಟ್ಟಲೆ ನುಡಿಸಿದರೂ ತಡೆಯುವ ಲೆಕ್ಕ. ಉದಾಹರಣೆಗೆ ಪಯೊನೀರ್ ಕಂಪನಿಯ ಟಿಎಸ್-ಎ300ಡಿ4 ಎಂಬ 12 ಇಂಚಿನ ಸಬ್‌ನ ಮ್ಯಾಕ್ಸ್ 1500 ವ್ಯಾಟ್, ನಾಮಿನಲ್ 500 ವ್ಯಾಟ್. ಆಂಪ್ ಹುಡುಕುವಾಗ ನಿಮಗೆ ಬೇಕಾದದ್ದು ಆ 500 ಮಾತ್ರ. 1500 ಅನ್ನು ಮರೆತುಬಿಡಿ.

ಅಂಗಡಿಯಲ್ಲಿ ಮಲಯಾಳದಲ್ಲೇ ಮಾತಾಡಬೇಕಾದರೆ "ಆರ್‌ಎಂಎಸ್ ಎತ್ರ?" ಎಂದು ಕೇಳಿ. ಉತ್ತರ ಬರದಿದ್ದರೆ ಬಾಕ್ಸ್ ಬಿಡಿಸಿ ಒಳಗಿನ ಪುಸ್ತಕ ನೋಡಿ. ಅದರಲ್ಲೂ ಇಲ್ಲದಿದ್ದರೆ ಆ ಸಬ್ ಬೇಡ.

ಆ ಹೆಸರಿನ ಕೊನೆಯ ಡಿ4 ಕೂಡ ಮುಖ್ಯ. ಎರಡು ವಾಯ್ಸ್ ಕಾಯಿಲ್ (ಕೋನನ್ನು ಅಲ್ಲಾಡಿಸುವ ತಂತಿಯ ಸುರುಳಿ), ಒಂದೊಂದೂ 4 ಓಮ್ಸ್ ಎಂದು ಅರ್ಥ. ಎಸ್4 ಎಂದಿದ್ದರೆ ಒಂದೇ ಕಾಯಿಲ್, 4 ಓಮ್ಸ್. ಎಲ್ಲ ಕಂಪನಿಗಳೂ ಇದೇ ರೀತಿ ಹೆಸರಿಡುವುದಿಲ್ಲ, ಆದರೆ ಡಿವಿಸಿ, ಎಸ್‌ವಿಸಿ ಎನ್ನುವ ಅಕ್ಷರಗಳು ಹೆಚ್ಚಿನವರಲ್ಲಿ ಇರುತ್ತವೆ. ಡಿವಿಸಿ ಅಂದರೆ ಎರಡು ಕಾಯಿಲ್, ಎಸ್‌ವಿಸಿ ಅಂದರೆ ಒಂದು.

ಓಮ್ಸ್ ಲೆಕ್ಕ ಇಲ್ಲೇ ಮುಗಿಸಿಕೊಳ್ಳಿ

ಸಬ್ ಬದಲಿಸಿದಾಗ ಆಗುವ ಹತ್ತರಲ್ಲಿ ಏಳು ತೊಂದರೆ ಓಮ್ಸಿನದ್ದೇ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಆಂಪಿಗೆ ಕಾಣುವ ಓಮ್ಸ್ ಕಡಿಮೆಯಾದಷ್ಟೂ ಅದು ಜಾಸ್ತಿ ಕರೆಂಟ್ ಹರಿಸುತ್ತದೆ, ಜಾಸ್ತಿ ವ್ಯಾಟ್ ಕೊಡುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಒಂದು ಮಿತಿಗಿಂತ ಕೆಳಗೆ ಹೋದರೆ ಪ್ರೊಟೆಕ್ಟ್ ಲೈಟ್ ಉರಿದು ನಿಲ್ಲುತ್ತದೆ. ಪ್ರೊಟೆಕ್ಷನ್ ಸರಿ ಇಲ್ಲದ ಅಗ್ಗದ ಆಂಪ್ ಆದರೆ ಸುಟ್ಟೇ ಹೋಗುತ್ತದೆ.

ಎರಡು ಕಾಯಿಲಿನ ಸಬ್ ಅನ್ನು ಎರಡು ರೀತಿ ಜೋಡಿಸಬಹುದು. ಒಂದು ಕಾಯಿಲಿನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಕೊಟ್ಟು, ಉಳಿದ ಎರಡು ತುದಿಗಳನ್ನು ಆಂಪಿಗೆ ತಂದರೆ ಸೀರೀಸ್. ಆಗ ಓಮ್ಸ್ ಕೂಡಿಕೊಳ್ಳುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ಪ್ಯಾರಲಲ್. ಆಗ ಓಮ್ಸ್ ಅರ್ಧವಾಗುತ್ತದೆ. ಲೆಕ್ಕ ಹೀಗಿದೆ:

4+4 ಕಾಯಿಲಿನ ಒಂದು ಸಬ್: ಸೀರೀಸ್ 8 ಓಮ್ಸ್, ಪ್ಯಾರಲಲ್ 2 ಓಮ್ಸ್.
2+2 ಕಾಯಿಲಿನ ಒಂದು ಸಬ್: ಸೀರೀಸ್ 4 ಓಮ್ಸ್, ಪ್ಯಾರಲಲ್ 1 ಓಮ್.
4+4 ಕಾಯಿಲಿನ ಎರಡು ಸಬ್ ಒಟ್ಟಿಗೆ: 4 ಓಮ್ಸ್ ಅಥವಾ 1 ಓಮ್.
2+2 ಕಾಯಿಲಿನ ಎರಡು ಸಬ್ ಒಟ್ಟಿಗೆ: 2 ಓಮ್ಸ್ ಮಾಡಿಕೊಳ್ಳಿ. ಎಲ್ಲವನ್ನೂ ಪ್ಯಾರಲಲ್ ಮಾಡಿದರೆ 0.5ಕ್ಕೆ ಇಳಿಯುತ್ತದೆ, ಅದು ಬೇಡ.

ಈಗ ಆಂಪಿನ ಕಡೆ ನೋಡಿ. ಒಂದು ಮೊನೊ (ಒಂದೇ ಚಾನೆಲಿನ) ಆಂಪಿನ ಹಾಳೆಯಲ್ಲಿ 4 ಓಮ್ಸಿಗೆ 300 ವ್ಯಾಟ್, 2 ಓಮ್ಸಿಗೆ 500 ವ್ಯಾಟ್ ಎಂದಿದೆ ಅಂತ ಇಟ್ಟುಕೊಳ್ಳಿ. ನಿಮ್ಮ ಹೊಸ ಸಬ್ 4+4 ಆಗಿದ್ದು, ಜೋಡಿಸಿದವರು ಸುಮ್ನೆ ಸೀರೀಸ್ ಮಾಡಿಬಿಟ್ಟರೆ ಅದು 8 ಓಮ್ಸ್. ಅದೇ ಆಂಪಿನಿಂದ ಸಿಗುವುದು ಸುಮಾರು 150 ವ್ಯಾಟ್ ಮಾತ್ರ. "ದೊಡ್ಡ ಸಬ್ ಹಾಕಿದರೂ ಬೇಸ್ ಇಲ್ಲ" ಎನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಪ್ಯಾರಲಲ್ ಮಾಡಿ 2 ಓಮ್ಸಿಗೆ ತಂದರೆ ಅದೇ ಆಂಪಿನಿಂದ 500 ವ್ಯಾಟ್ ಸಿಗುತ್ತದೆ. ಹೊಸ ಆಂಪ್ ಕೊಳ್ಳುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ಜಾಗದಲ್ಲಿ ಇದರ ಉಲ್ಟಾ ಆಗುತ್ತದೆ. ನಮ್ಮ ಕಡೆ ಬಹಳ ಕಾರುಗಳಲ್ಲಿ ನಾಲ್ಕು ಚಾನೆಲ್ ಆಂಪ್ ಇರುತ್ತದೆ. ಮುಂದಿನ ಎರಡು ಚಾನೆಲ್ ಬಾಗಿಲಿನ ಸ್ಪೀಕರುಗಳಿಗೆ, ಹಿಂದಿನ ಎರಡನ್ನು ಬ್ರಿಜ್ ಮಾಡಿ, ಅಂದರೆ ಒಂದೇ ಚಾನೆಲ್ ಆಗಿ ಸೇರಿಸಿ, ಸಬ್‌ಗೆ. ಒಳ್ಳೆಯ ಏರ್ಪಾಡೇ. ಆದರೆ ಬ್ರಿಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಸಬ್‌ನ ಅರ್ಧ ಓಮ್ಸ್ ಮಾತ್ರ ಕಾಣುತ್ತದೆ. 4 ಓಮ್ಸಿನ ಸಬ್ ಕೊಟ್ಟರೆ ಒಂದೊಂದು ಚಾನೆಲ್‌ಗೆ 2 ಓಮ್ಸ್, ಸರಿ. 2 ಓಮ್ಸಿಗೆ ಇಳಿಸಿದ ಸಬ್ ಕೊಟ್ಟರೆ ಒಂದೊಂದಕ್ಕೆ 1 ಓಮ್. ಬಹುಪಾಲು ನಾಲ್ಕು ಚಾನೆಲ್ ಆಂಪುಗಳು ಅದನ್ನು ತಡೆಯುವುದಿಲ್ಲ. ಹಳೆಯ ನಾಲ್ಕು ಚಾನೆಲ್ ಆಂಪನ್ನೇ ಉಳಿಸಿಕೊಳ್ಳುವ ಯೋಚನೆ ಇದ್ದರೆ 4+4 ಸಬ್ ಕೊಳ್ಳಬೇಡಿ. 2+2 ಕೊಂಡು ಸೀರೀಸ್ ಮಾಡಿ, ಇಲ್ಲವೇ ಒಂದೇ ಕಾಯಿಲಿನ 4 ಓಮ್ಸ್ ಕೊಳ್ಳಿ.

ಎರಡು ಕಾಯಿಲ್ ಇರುವಾಗ ಒಂದಕ್ಕೆ ಮಾತ್ರ ವಯರ್ ಕೊಟ್ಟು ಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಸಬ್ ತಡೆಯುವ ವ್ಯಾಟ್ ಅರ್ಧಕ್ಕೆ ಇಳಿಯುತ್ತದೆ.

ಜೋಡಿಸಿದ ಮೇಲೆ, ಆಂಪಿಗೆ ಕೊಡುವ ಮೊದಲು, ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೀಟರ್ ತೋರಿಸುವುದು ಹೆಸರಿನ ಓಮ್ಸಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. 4 ಓಮ್ಸಿನದ್ದು 3.2ರಿಂದ 3.8, 2 ಓಮ್ಸಿನದ್ದು 1.6ರಿಂದ 1.9. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. ಅಗ್ಗದ ಮೀಟರಿನಲ್ಲಿ ಅಲ್ಲೇ 0.3ರ ಹತ್ತಿರ ಬರಬಹುದು. ಅದನ್ನು ಕಳೆದು ಲೆಕ್ಕ ಹಾಕಿ. ಪ್ಲಸ್ ಯಾವುದು ಎಂದು ಸಂಶಯವಿದ್ದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸಬ್‌ನ ಪ್ಲಸ್ಸಿಗೆ ತಾಗಿದಾಗ ಕೋನ್ ಹೊರಗೆ ಬರಬೇಕು.

ಆಂಪಿನ ನಿಜವಾದ ವ್ಯಾಟ್ ತಿಳಿಯುವುದು ಹೇಗೆ

ಆಂಪಿನಲ್ಲೂ ಆರ್‌ಎಂಎಸ್ ನೋಡಬೇಕು, ಅದೂ ನಿಮ್ಮ ಸಬ್‌ನ ಓಮ್ಸಿಗೆ ಎಷ್ಟು ಎಂದು. ಸಿಟಿಎ-2006 ಎಂಬ ಗುರುತು ಇದ್ದರೆ ಒಳ್ಳೆಯದು. ಮೊದಲು ಇದರ ಹೆಸರು ಸಿಇಎ-2006 ಆಗಿತ್ತು. 14.4 ವೋಲ್ಟಿನಲ್ಲಿ, ಶೇಕಡಾ 1ಕ್ಕಿಂತ ಹೆಚ್ಚು ಶಬ್ದ ಕೆಡದ ಹಾಗೆ ಅಳೆದ ವ್ಯಾಟ್ ಎಂದು ಅದರ ಅರ್ಥ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಇದು ನೆರವಾಗುತ್ತದೆ.

ಗುರುತು ಇಲ್ಲದ ಆಂಪ್ ಆದರೆ ಅದರ ಫ್ಯೂಸ್ ನೋಡಿ. ಫ್ಯೂಸಿನ ಆಂಪಿಯರನ್ನು 13.8ರಿಂದ ಗುಣಿಸಿದರೆ ಆಂಪ್ ಒಳಗೆಳೆಯಬಲ್ಲ ವ್ಯಾಟ್ ಸಿಗುತ್ತದೆ. ಕ್ಲಾಸ್ ಡಿ ಆಂಪ್ ಆದರೆ ಅದರಲ್ಲಿ ಸುಮಾರು ಶೇಕಡಾ 80 ಸಬ್‌ಗೆ ಹೋಗುತ್ತದೆ. ಕ್ಲಾಸ್ ಎಬಿ ಆದರೆ ಶೇಕಡಾ 50ರಿಂದ 60, ಉಳಿದದ್ದು ಬಿಸಿ. ಈಗ 3000 ವ್ಯಾಟ್ ಎಂದು ಬರೆದ ಒಂದು ಆಂಪಿಗೆ 30 ಆಂಪಿಯರಿನ ಒಂದೇ ಫ್ಯೂಸ್ ಇದೆ ಎಂದುಕೊಳ್ಳಿ. 30 ಗುಣಿಸು 13.8 ಅಂದರೆ 414. ಅದರ ಶೇಕಡಾ 80 ಸುಮಾರು 330. ಫ್ಯೂಸ್ ಹೋಗದೆ ಆ ಆಂಪ್ ಸತತವಾಗಿ ಅದಕ್ಕಿಂತ ಜಾಸ್ತಿ ಕೊಡಲು ದಾರಿಯೇ ಇಲ್ಲ. ಅಂಗಡಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಮಾಡಬಹುದಾದ ಲೆಕ್ಕ ಇದು. ದಯವಿಟ್ಟು ಮಾಡಿ.

ಸಬ್‌ನ ಆರ್‌ಎಂಎಸ್‌ಗೆ ಆಂಪಿನ ಆರ್‌ಎಂಎಸ್ ಎಷ್ಟು ಹತ್ತಿರ ಇರಬೇಕು? ಮುಕ್ಕಾಲು ಪಾಲಿನಿಂದ ಒಂದೂವರೆ ಪಾಲಿನವರೆಗೆ ನಡೆಯುತ್ತದೆ. 500 ವ್ಯಾಟಿನ ಸಬ್‌ಗೆ 375ರಿಂದ 750. ನಾನಾದರೆ 500ರಿಂದ 600 ಆರಿಸುತ್ತೇನೆ. ಸ್ವಲ್ಪ ಜಾಸ್ತಿ ಇದ್ದು ಗೇನ್ (ಸ್ಟೀರಿಯೊ ಸಿಗ್ನಲನ್ನು ಆಂಪ್ ಎಷ್ಟು ಏರಿಸಬೇಕು ಎಂದು ಇಡುವ ತಿರುಪು) ತಗ್ಗಿಸಿಟ್ಟರೆ ಆಂಪ್ ತಣ್ಣಗೆ ಕೆಲಸ ಮಾಡುತ್ತದೆ.

ಕಡಿಮೆ ವ್ಯಾಟಿನ ಆಂಪ್ ಹಾಕಿದರೆ ಸಬ್ ಸುಡುತ್ತದೆ ಎಂಬ ಮಾತು ನೀವು ಕೇಳಿರಬಹುದು. ಕಡಿಮೆ ವ್ಯಾಟಿನಿಂದ ಸಬ್‌ಗೆ ಏನೂ ಆಗುವುದಿಲ್ಲ. ಶಬ್ದ ಸಾಲದು ಎಂದು ಗೇನನ್ನು ಪೂರ್ತಿ ತಿರುಗಿಸಿದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ತಿ ಕ್ಲಿಪ್ ಆದ ಆಂಪ್ ತನ್ನ ಆರ್‌ಎಂಎಸ್‌ನ ಎರಡು ಪಟ್ಟಿನ ಹತ್ತಿರ ಸಬ್‌ಗೆ ತಳ್ಳಬಲ್ಲದು. ಆ ಬಿಸಿ ಕಾಯಿಲನ್ನು ಸುಡುತ್ತದೆ.

ವ್ಯಾಟಿನ ಆಸೆ ಹಿಡಿತದಲ್ಲಿರಲಿ ಎಂದು ಇನ್ನೊಂದು ಲೆಕ್ಕ. ವ್ಯಾಟ್ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 400 ಮತ್ತು 500 ವ್ಯಾಟಿನ ನಡುವಿನ ಅಂತರ 1 ಡೆಸಿಬೆಲ್. ಹಾಡು ಓಡುತ್ತಿರುವಾಗ ಅದು ಗೊತ್ತೇ ಆಗುವುದಿಲ್ಲ. ಆ ನೂರು ವ್ಯಾಟಿಗೆ ಕೊಡುವ ದುಡ್ಡನ್ನು ಒಳ್ಳೆಯ ವಯರಿಗೆ ಕೊಡಿ.

ಜೂನ್ ತಿಂಗಳ ರಾತ್ರಿಯ ಲೆಕ್ಕ

ಆಂಪಿಗೆ ಕರೆಂಟ್ ಬರುವುದು ಆಲ್ಟರ್ನೇಟರಿನಿಂದ, ಅಂದರೆ ಇಂಜಿನ್ ತಿರುಗಿಸುವ ಜನರೇಟರಿನಿಂದ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 60ರಿಂದ 90 ಆಂಪಿಯರಿನದ್ದು. ಬಿಸಿಲಿನ ದಿನ, ಖಾಲಿ ರಸ್ತೆ ಆದರೆ ಏನೂ ತೊಂದರೆ ಇಲ್ಲ. ಲೆಕ್ಕ ಹಾಕಬೇಕಾದದ್ದು ನಮ್ಮ ಮಳೆಗಾಲಕ್ಕೆ.

ಜೂನ್ ತಿಂಗಳ ರಾತ್ರಿ, ತಲಪಾಡಿಯಿಂದ ಚೆರ್ಕಳದ ಕಡೆ ಬರುತ್ತಿದ್ದೀರಿ. ಹೆಡ್‌ಲೈಟ್ ಉರಿಯುತ್ತಿದೆ. ಹ್ಯಾಲೊಜನ್ ಆದರೆ ಎರಡಕ್ಕೂ ಸೇರಿ ಸುಮಾರು 9 ಆಂಪಿಯರ್. ವೈಪರ್ ಜೋರಾಗಿ ಓಡುತ್ತಿದೆ, 5 ಹಿಡಿಯಿರಿ. ಗಾಜು ಮಂಜಾಗದಿರಲು ಏಸಿ ಮತ್ತು ಬ್ಲೋವರ್, ಅವೆರಡಕ್ಕೆ 15ರ ಹತ್ತಿರ. ರೇಡಿಯೇಟರ್ ಫ್ಯಾನ್ 10. ಇಂಜಿನ್, ಪೆಟ್ರೋಲ್ ಪಂಪ್, ಉಳಿದ ಸಣ್ಣಪುಟ್ಟದ್ದು 10ರಿಂದ 15. ಒಟ್ಟು ಸುಮಾರು 50. 70 ಆಂಪಿಯರಿನ ಆಲ್ಟರ್ನೇಟರ್ ಆದರೆ ಉಳಿಯುವುದು 20. ಅದೂ ಇಂಜಿನ್ ಒಳ್ಳೆಯ ವೇಗದಲ್ಲಿ ತಿರುಗುತ್ತಿರುವಾಗ. ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿ ಇಂಜಿನ್ ಐಡ್ಲಿಂಗಿನಲ್ಲಿದ್ದರೆ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿಗಿಂತ ಬಹಳ ಕಡಿಮೆ ಕೊಡುತ್ತದೆ. ಕೊರತೆಯನ್ನು ಬ್ಯಾಟರಿ ತುಂಬಬೇಕು.

500 ವ್ಯಾಟಿನ ಕ್ಲಾಸ್ ಡಿ ಆಂಪ್ ಪೂರ್ತಿ ಜೋರಿನಲ್ಲಿ 45 ಆಂಪಿಯರ್ ಎಳೆಯುತ್ತದೆ. ಆದರೆ ಹಾಡು ಸದಾ ಪೂರ್ತಿ ಜೋರಿನಲ್ಲಿ ಇರುವುದಿಲ್ಲ. ಪೆಟ್ಟು ಬಿದ್ದಾಗ ಏರುತ್ತದೆ, ಮತ್ತೆ ಇಳಿಯುತ್ತದೆ. ಸರಾಸರಿ ಮೂರರಲ್ಲಿ ಒಂದು ಪಾಲು ಎಂದು ಹಿಡಿದರೆ 15 ಆಂಪಿಯರ್. ನಮ್ಮಲ್ಲಿ ಉಳಿದಿರುವ 20ರ ಒಳಗೆ ಅದು ಹಿಡಿಯುತ್ತದೆ. 1000 ವ್ಯಾಟ್ ಆದರೆ 30 ಬೇಕು, ಹಿಡಿಯುವುದಿಲ್ಲ. ಆದ್ದರಿಂದ ಕಂಪನಿಯಿಂದ ಬಂದ ಆಲ್ಟರ್ನೇಟರ್, ಬ್ಯಾಟರಿ ಹಾಗೇ ಇರುವ ಸಣ್ಣ ಕಾರಿಗೆ ನನ್ನ ಸಲಹೆ 500 ವ್ಯಾಟ್ ಆರ್‌ಎಂಎಸ್. ಅಷ್ಟರಲ್ಲಿ 12 ಇಂಚಿನ ಒಂದು ಸಬ್ ಕಾರನ್ನು ತುಂಬಿಸುತ್ತದೆ.

ಹೆಡ್‌ಲೈಟ್ ಮಿನುಗಿದರೆ 1 ಫ್ಯಾರಡ್ ಕೆಪಾಸಿಟರ್ ಹಾಕಿ ಎಂದು ಮಾರುತ್ತಾರೆ. ಅದರಲ್ಲಿ ಎಷ್ಟಿದೆ ನೋಡಿ. 14.4 ವೋಲ್ಟಿನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು 32 ಜೌಲ್. 500 ವ್ಯಾಟಿಗೆ ಅದು ಒಂದು ಸೆಕೆಂಡಿನ ಹದಿನಾರರಲ್ಲಿ ಒಂದು ಪಾಲು! ಅದರ ಬದಲು ಬಾನೆಟ್ ಅಡಿಯ ಮೂರು ವಯರುಗಳನ್ನು ದಪ್ಪ ಮಾಡಿಸಿ: ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ, ಇಂಜಿನಿನಿಂದ ಬಾಡಿಗೆ. ಬ್ಯಾಟರಿ ಹಳತಾಗಿದ್ದರೆ ಮೊದಲು ಅದನ್ನು ಬದಲಿಸಿ.

ಬೇಕಲ ಬೀಚಿನ ಬಳಿ ಇಂಜಿನ್ ಆಫ್ ಮಾಡಿ ಹಾಡು ಹಾಕುವ ಅಭ್ಯಾಸವಿದ್ದರೆ ಇದೂ ನೆನಪಿರಲಿ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಬಹಳ ಸಲ 35 ಆಂಪಿಯರ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 15 ಆಂಪಿಯರ್ ಎಳೆದರೆ ಒಂದು ಗಂಟೆಯಲ್ಲಿ ಆ ಅರ್ಧ ಮುಗಿಯುತ್ತದೆ.

ವಯರ್, ಫ್ಯೂಸ್, ಅರ್ತ್

ಅಡಿಕೆ ತೋಟಕ್ಕೆ ದೊಡ್ಡ ಪಂಪ್ ತಂದು ಅರ್ಧ ಇಂಚಿನ ಪೈಪ್ ಎಳೆದರೆ ಸ್ಪ್ರಿಂಕ್ಲರ್ ತಿರುಗುತ್ತದೆಯೇ? ಸಪೂರ ವಯರ್ ಹಾಕಿದ ಆಂಪಿನ ಕಥೆಯೂ ಅದೇ. ಬ್ಯಾಟರಿಯಿಂದ ಡಿಕ್ಕಿವರೆಗೆ ಸುಮಾರು 5 ಮೀಟರ್. ಅದರಲ್ಲಿ 45 ಆಂಪಿಯರ್ ಹರಿಯುವಾಗ 4 ಗೇಜಿನ ಶುದ್ಧ ತಾಮ್ರದ ವಯರಿನಲ್ಲಿ 0.2 ವೋಲ್ಟಿಗಿಂತ ಕಡಿಮೆ ನಷ್ಟ (ಗೇಜಿನ ಅಂಕಿ ಚಿಕ್ಕದಾದಷ್ಟೂ ವಯರ್ ದಪ್ಪ). 8 ಗೇಜಿನಲ್ಲಿ ಅರ್ಧ ವೋಲ್ಟಿನ ಹತ್ತಿರ. 8 ಗೇಜಿನ ಸಿಸಿಎ ಆದರೆ 0.7 ವೋಲ್ಟ್. ಸಿಸಿಎ ಅಂದರೆ ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಅಗ್ಗದ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ಇದೇ.

500 ವ್ಯಾಟಿಗೆ 4 ಗೇಜಿನ ಶುದ್ಧ ತಾಮ್ರ ಕೊಳ್ಳಿ, ಪ್ಯಾಕೆಟಿನಲ್ಲಿ ಓಎಫ್‌ಸಿ ಎಂದಿರುತ್ತದೆ. ಸಮುದ್ರದ ಹತ್ತಿರ, ಮಂಜೇಶ್ವರ, ಕುಂಬಳೆಯ ಪಡುವಣ ಬದಿಯಲ್ಲಿ ಮನೆ ಇದ್ದರೆ ತವರ ಲೇಪಿಸಿದ ತಾಮ್ರ ಇನ್ನೂ ಒಳ್ಳೆಯದು. ಉಪ್ಪು ಗಾಳಿಗೆ ಬೇಗ ಹಸಿರುಗಟ್ಟುವುದಿಲ್ಲ. ವಯರಿನ ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ. ತುದಿ ಕತ್ತರಿಸಿ ಒಳಗಿನ ಲೋಹ ಎಷ್ಟಿದೆ ನೋಡಿ. 4 ಗೇಜ್ ಅಂದರೆ 21 ಚದರ ಮಿಲಿಮೀಟರ್ ಇರಬೇಕು.

ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಇದರಲ್ಲಿ ರಾಜಿ ಇಲ್ಲ. ಆಂಪಿನ ಮೇಲಿರುವ ಫ್ಯೂಸ್ ಆಂಪನ್ನು ಕಾಯುತ್ತದೆ, ಬ್ಯಾಟರಿ ಬಳಿಯದ್ದು ವಯರನ್ನು ಕಾಯುತ್ತದೆ. ವಯರಿನ ರಬ್ಬರ್ ಎಲ್ಲೋ ತಗಡಿಗೆ ಉಜ್ಜಿ ಹರಿದರೆ ಆ ಒಂದು ಫ್ಯೂಸ್ ಮಾತ್ರ ಕಾರನ್ನು ಬೆಂಕಿಯಿಂದ ಉಳಿಸುವುದು. ಆಂಪಿನ ಫ್ಯೂಸ್ 60 ಆದರೆ ಇಲ್ಲಿ 60 ಅಥವಾ 80 ಹಾಕಿ. ಇಂಜಿನ್ ಕಡೆಯಿಂದ ಒಳಗೆ ತರುವಾಗ ತಗಡಿನ ತೂತಿಗೆ ರಬ್ಬರ್ ಗ್ರೋಮೆಟ್ ಹಾಕಿಸಿ.

ಅರ್ತ್ ವಯರ್ ಪ್ಲಸ್ಸಿನಷ್ಟೇ ದಪ್ಪ ಇರಲಿ, ಅರ್ಧ ಮೀಟರಿಗಿಂತ ಉದ್ದ ಬೇಡ. ಬಾಡಿಯ ಪೈಂಟನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ ಬೋಲ್ಟ್ ಬಿಗಿಯಿರಿ. ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ, ತುಕ್ಕು ಹಿಡಿಯದಿರಲಿ. ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಬೇಡಿ, ಅದು ಜೀವ ಉಳಿಸಲು ಇರುವುದು.

ಸಿಎನ್‌ಜಿ ಕಾರಿನಲ್ಲಿ ಡಿಕ್ಕಿಯಲ್ಲೇ ಸಿಲಿಂಡರ್ ಇರುತ್ತದೆ. ಅಲ್ಲಿ ಡ್ರಿಲ್ ಹಿಡಿಯುವುದೇ ಬೇಡ. ಬೇರೆ ಕಾರಿನಲ್ಲೂ ತೂತು ಮಾಡುವ ಮೊದಲು ಕೆಳಗೆ ಬಗ್ಗಿ ನೋಡಿ. ಹಿಂದಿನ ಸೀಟಿನ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

ಕಂಪನಿ ಸ್ಟೀರಿಯೊ ಇದ್ದರೆ

ಈಗಿನ ಕಾರುಗಳ ಟಚ್ ಸ್ಕ್ರೀನ್ ತೆಗೆಯುವ ಹಾಗಿಲ್ಲ. ಅದಕ್ಕೆ ಆಂಪಿಗೆ ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ಕೂಡ ಹೆಚ್ಚಾಗಿ ಇರುವುದಿಲ್ಲ. ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ಕೊಂಡರೆ ಹಿಂದಿನ ಸ್ಪೀಕರಿನ ವಯರಿನಿಂದಲೇ ಸಿಗ್ನಲ್ ತೆಗೆಯಬಹುದು. ಆಂಪಿನಲ್ಲಿ ಆ ಸೌಕರ್ಯ ಇಲ್ಲದಿದ್ದರೆ ಸ್ಪೀಕರಿನ ಸಿಗ್ನಲನ್ನು ಆರ್‌ಸಿಎಗೆ ಬದಲಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು. ವಾರಂಟಿ ಇರುವ ಕಾರಿನ ವಯರ್ ಕತ್ತರಿಸಬೇಡಿ. ಕಪ್ಲರ್ ಸಿಗುತ್ತದೆ, ಅದನ್ನೇ ಬಳಸಿ. ಸಿಗ್ನಲ್ ವಯರ್ ಕಾರಿನ ಒಂದು ಬದಿಯಲ್ಲಿ, ಬ್ಯಾಟರಿ ವಯರ್ ಇನ್ನೊಂದು ಬದಿಯಲ್ಲಿ ಹೋಗಲಿ. ಆಕ್ಸಿಲರೇಟರ್ ಒತ್ತಿದಾಗ "ಕುಂಯ್" ಎಂದು ಏರುವ ಶಬ್ದ ಬಂದರೆ ಮೊದಲು ಅರ್ತ್ ಬೋಲ್ಟ್ ನೋಡಿ, ಆಮೇಲೆ ಈ ವಯರುಗಳನ್ನು.

ಗೇನ್ ಇಡುವುದು

ಗೇನ್ ಅನ್ನು ವಾಲ್ಯೂಮ್ ಎಂದು ತಿಳಿದು ಕಿವಿಯಲ್ಲೇ ತಿರುಗಿಸುತ್ತಾರೆ. ಇದನ್ನು ಮೀಟರಿನಲ್ಲಿ ಇಡಬೇಕು. ಬೇಕಾದ ವ್ಯಾಟನ್ನು ಓಮ್ಸಿನಿಂದ ಗುಣಿಸಿ, ಅದರ ವರ್ಗಮೂಲ ತೆಗೆಯಿರಿ. ಅದೇ ಆಂಪಿನ ಔಟ್‌ಪುಟ್ಟಿನಲ್ಲಿ ಇರಬೇಕಾದ ವೋಲ್ಟ್. 500 ವ್ಯಾಟ್, 2 ಓಮ್ಸ್ ಆದರೆ 1000ದ ವರ್ಗಮೂಲ, 31.6 ವೋಲ್ಟ್. 500 ವ್ಯಾಟ್, 4 ಓಮ್ಸಿಗೆ 44.7. 500 ವ್ಯಾಟ್, 1 ಓಮಿಗೆ 22.4. 300 ವ್ಯಾಟ್, 2 ಓಮ್ಸಿಗೆ 24.5. 300 ವ್ಯಾಟ್, 4 ಓಮ್ಸಿಗೆ 34.6.

ಲೆಕ್ಕದಲ್ಲಿ ಹಾಕುವ ವ್ಯಾಟ್ ಯಾವುದು? ಸಬ್‌ನ ಆರ್‌ಎಂಎಸ್, ಆಂಪಿನ ಆರ್‌ಎಂಎಸ್, ಇವೆರಡರಲ್ಲಿ ಚಿಕ್ಕದು.

ಈಗ ಕೆಲಸ. ಸಬ್‌ನ ವಯರನ್ನು ಆಂಪಿನಿಂದ ಬಿಚ್ಚಿ. ಗೇನನ್ನು ಪೂರ್ತಿ ಕೆಳಗಿಳಿಸಿ. ಬೇಸ್ ಬೂಸ್ಟ್ ಸೊನ್ನೆ. ಸ್ಟೀರಿಯೊದಲ್ಲಿ ಈಕ್ವಲೈಜರ್ ಫ್ಲಾಟ್, ಲೌಡ್‌ನೆಸ್ ಆಫ್. ಇಂಜಿನ್ ಸ್ಟಾರ್ಟ್ ಮಾಡಿ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಹೊಗೆ ಒಳಗೆ ನಿಲ್ಲಬಾರದು. 50 ಹರ್ಟ್ಜಿನ, 0 ಡೆಸಿಬೆಲ್ ಟೆಸ್ಟ್ ಟೋನ್ ಇಳಿಸಿಕೊಂಡು ಪೆನ್ ಡ್ರೈವಿನಿಂದ ಹಾಕಿ. 50 ಹರ್ಟ್ಜ್ ಯಾಕೆಂದರೆ ಮನೆಯ ಕರೆಂಟೂ ಅದೇ, ಅಗ್ಗದ ಮೀಟರ್ ಕೂಡ ಅದನ್ನು ಸರಿಯಾಗಿ ಅಳೆಯುತ್ತದೆ. ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ. ಮೀಟರನ್ನು ಏಸಿ ವೋಲ್ಟಿಗೆ ಇಟ್ಟು ಆಂಪಿನ ಔಟ್‌ಪುಟ್ಟಿಗೆ ಹಿಡಿಯಿರಿ. ಗೇನನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ನಿಮ್ಮ ವೋಲ್ಟ್ ಬಂದಾಗ ನಿಲ್ಲಿಸಿ. ಆಂಪ್ ಆಫ್ ಮಾಡಿ, ಸಬ್ ಜೋಡಿಸಿ. ಗೇನಿನ ಜಾಗಕ್ಕೆ ಮಾರ್ಕರಿನಿಂದ ಒಂದು ಗೀಟು ಹಾಕಿ.

ಇನ್ನು ಮೇಲೆ ವಾಲ್ಯೂಮ್ ಮುಕ್ಕಾಲು ದಾಟಬಾರದು. ಯಾರೋ ಸ್ನೇಹಿತರು ಬಂದು ಬೇಸ್ ಬೂಸ್ಟ್ ತಿರುಗಿಸಿದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ. 6 ಡೆಸಿಬೆಲ್ ಬೂಸ್ಟ್ ಅಂದರೆ ಆ ಜಾಗದಲ್ಲಿ ನಾಲ್ಕು ಪಟ್ಟು ವ್ಯಾಟ್ ಕೇಳಿದ ಹಾಗೆ.

ಫಿಲ್ಟರ್ ಮತ್ತು ಬಾಕ್ಸ್

ಲೋ ಪಾಸ್ ಅನ್ನು, ಅಂದರೆ ಕೆಳಗಿನ ಶಬ್ದವನ್ನು ಮಾತ್ರ ಸಬ್‌ಗೆ ಬಿಡುವ ಫಿಲ್ಟರನ್ನು, 80 ಹರ್ಟ್ಜಿಗೆ ಇಟ್ಟು ಶುರು ಮಾಡಿ. ಬಾಗಿಲಿನ ಸ್ಪೀಕರುಗಳು ಸಣ್ಣದಾದರೆ 90, 100ರವರೆಗೆ ಹೋಗಬಹುದು. ಅದಕ್ಕೂ ಮೇಲೆ ಹೋದರೆ ಗಂಡಸರ ಧ್ವನಿ ಡಿಕ್ಕಿಯಿಂದ ಬಂದ ಹಾಗೆ ಕೇಳುತ್ತದೆ. ಯಕ್ಷಗಾನ ಕೇಳುವವರಿಗೆ ಇದು ಬೇಗ ಗೊತ್ತಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಲ್ಲವೇ ನಾವು, ಕಾರಿನಲ್ಲಿ ಆಟದ ರೆಕಾರ್ಡಿಂಗ್ ಇಲ್ಲದವರು ಕಡಿಮೆ. ಚೆಂಡೆಯ ಪೆಟ್ಟಿನ ಹೆಚ್ಚು ಪಾಲು ಸಬ್‌ನ ಕೆಲಸದ ಜಾಗಕ್ಕಿಂತ ಮೇಲಿದೆ, ಭಾಗವತರ ಧ್ವನಿಯೂ ಹಾಗೆಯೇ. ಫಿಲ್ಟರ್ 150ರಲ್ಲಿದ್ದರೆ ಎರಡೂ ಮಬ್ಬಾಗುತ್ತವೆ. 80ರಲ್ಲಿದ್ದರೆ ಮದ್ದಳೆಯ ಅಡಿ ಮಾತ್ರ ಸಬ್‌ಗೆ ಬರುತ್ತದೆ, ಪದ್ಯ ಮುಂದಿನಿಂದ ಸ್ಪಷ್ಟವಾಗಿ ಕೇಳುತ್ತದೆ.

ನಿಮ್ಮ ಬಾಕ್ಸ್ ಮುಚ್ಚಿದ್ದೋ, ತೂತು ಇರುವ ಪೋರ್ಟೆಡ್ಡೋ ಎನ್ನುವುದೂ ಆಂಪಿಗೆ ಸಂಬಂಧಿಸಿದ್ದೇ. ಪೋರ್ಟೆಡ್ ಆದರೆ ಟ್ಯೂನ್ ಮಾಡಿದ ಹರ್ಟ್ಜಿಗಿಂತ ಕೆಳಗೆ ಕೋನಿಗೆ ಹಿಡಿತವೇ ಇರುವುದಿಲ್ಲ, ಕಡಿಮೆ ವ್ಯಾಟಿನಲ್ಲೂ ಹರಿದು ಹೋಗಬಹುದು. ಹಾಗಾಗಿ ಆಂಪಿನಲ್ಲಿ ತೀರಾ ಕೆಳಗಿನ ಶಬ್ದವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. 35 ಹರ್ಟ್ಜಿಗೆ ಟ್ಯೂನ್ ಆದ ಬಾಕ್ಸಿಗೆ ಅದನ್ನು 28-30ಕ್ಕೆ ಇಡಿ. ಹಾಡು, ಭಜನೆ, ಯಕ್ಷಗಾನ ಎಲ್ಲ ಕೇಳುವವರಿಗೆ ನಾನು ಮುಚ್ಚಿದ ಬಾಕ್ಸನ್ನೇ ಹೇಳುತ್ತೇನೆ. 12 ಇಂಚಿಗೆ ಸಾಮಾನ್ಯವಾಗಿ 1 ಘನ ಅಡಿ, ಅಂದರೆ 28 ಲೀಟರಿನ ಆಸುಪಾಸು. ನಿಮ್ಮ ಸಬ್‌ನ ಪುಸ್ತಕದಲ್ಲಿ ನಿಖರವಾಗಿ ಇರುತ್ತದೆ. ಹಳೆಯ 10 ಇಂಚಿನ ಬಾಕ್ಸಿನ ತೂತು ದೊಡ್ಡದು ಮಾಡಿ ಹೊಸದನ್ನು ತುರುಕಬೇಡಿ.

ನಮ್ಮ ಮಳೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಕ್ಸ್ ನೀರು ಕುಡಿದು ಉಬ್ಬುತ್ತದೆ. 18 ಮಿಲಿಮೀಟರಿನ ಮರೈನ್ ಪ್ಲೈವುಡ್ಡಿಗೆ ಸ್ವಲ್ಪ ಜಾಸ್ತಿ ಖರ್ಚಾದರೂ ಅದನ್ನೇ ಮಾಡಿಸಿ. ಬಾಕ್ಸನ್ನು ಬೆಲ್ಟ್ ಹಾಕಿ ಬಿಗಿಯಾಗಿ ಕಟ್ಟಿ. ಪೆರ್ಲ, ಮುಳ್ಳೇರಿಯದ ತಿರುವುಗಳಲ್ಲಿ 20 ಕಿಲೋದ ಬಾಕ್ಸ್ ಜಾರಿದರೆ ಆಂಪಿನ ವಯರ್ ಕಿತ್ತು ಬರುತ್ತದೆ, ಅಪಘಾತವಾದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಬಡಿಯುತ್ತದೆ. ಆಂಪನ್ನು ಡಿಕ್ಕಿಯ ನೆಲದ ಮ್ಯಾಟಿನ ಮೇಲೆ ಇಡಬೇಡಿ, ಮ್ಯಾಟ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಸೀಟಿನ ಹಿಂಭಾಗಕ್ಕೆ ಹಲಗೆ ಕೊಟ್ಟು, ಗಾಳಿಯಾಡುವ ಹಾಗೆ ಕೂರಿಸಿ.

ಹಾಕಿದ ಮೇಲೆ

ಹಾಡು ಜೋರಾಗಿ ಓಡುತ್ತಿರುವಾಗ, ಇಂಜಿನ್ ಆನ್ ಇರುವಾಗ, ಆಂಪಿನ ಪ್ಲಸ್-ಮೈನಸ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. 13ಕ್ಕಿಂತ ಮೇಲಿದ್ದರೆ ಸಂತೋಷ. 12.5ಕ್ಕಿಂತ ಕೆಳಗೆ ಬಿದ್ದರೆ ಎಲ್ಲೋ ಸಡಿಲ ಇದೆ ಅಥವಾ ಕಾರಿಗೆ ಈ ಆಂಪ್ ಜಾಸ್ತಿಯಾಯಿತು. ಹೊಸ ಕಾರುಗಳಲ್ಲಿ ಆಲ್ಟರ್ನೇಟರ್ ತಾನೇ ವೋಲ್ಟ್ ಏರಿಸಿ ಇಳಿಸುವುದುಂಟು, ಅಂಥ ಕಾರಿನಲ್ಲಿ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಅಳೆಯಿರಿ. ಅರ್ಧ ಗಂಟೆ ನುಡಿಸಿ ಫ್ಯೂಸ್ ಹೋಲ್ಡರ್, ಅರ್ತ್ ಬೋಲ್ಟ್, ಆಂಪಿನ ಟರ್ಮಿನಲ್ ಮುಟ್ಟಿ ನೋಡಿ. ಬಿಸಿಯಾದ ಜಾಯಿಂಟ್ ಅಂದರೆ ಸರಿಯಾಗಿ ಬಿಗಿಯದ ಜಾಯಿಂಟ್.

ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಬಿಲ್ ಕೊಟ್ಟು ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಸೇರಿಸಿಕೊಳ್ಳಿ. ಸೇರಿಸದ ಸಾಮಾನಿಗೆ ಕ್ಲೇಮ್ ಸಿಗುವುದಿಲ್ಲ. ಗಲ್ಫಿನಿಂದ ತಂದದ್ದಾದರೆ ಅಲ್ಲಿನ ಬಿಲ್ ಎತ್ತಿಟ್ಟಿರಲಿ. ಶಬ್ದ ಮಾಲಿನ್ಯ ನಿಯಮ 2000ದ ಪ್ರಕಾರ ಜನ ವಾಸಿಸುವ ಜಾಗದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಬೇಸ್ ಗೋಡೆ ದಾಟಿ ಹೋಗುವ ಶಬ್ದ, ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ ಅಲ್ವಾ? ಗೇಟಿನ ಹತ್ತಿರ ಬರುವಾಗ ವಾಲ್ಯೂಮ್ ಇಳಿಸಿ.

ಒಂದು ವಾರ ಓಡಿಸಿದ ಮೇಲೆ ಬ್ಯಾಟರಿ, ಫ್ಯೂಸ್ ಮತ್ತು ಅರ್ತ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಮಳೆಗಾಲ ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ, ವರ್ಷಕ್ಕೆ ಎರಡು ಸಲ, ಅವುಗಳನ್ನು ಬಿಚ್ಚಿ ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಹಾಕಿ.